ನೆರಳನ್ನು ಹಿಡಿಯುವ ವಿದ್ಯೆ

ಕಣ್ಣಿಗೆ ಸೇರಿದ ವಿಷಯವನ್ನು ಕಿವಿಗೆ ಹೇಳಬೇಕಾದ ಸಂದರ್ಭ ಇಂದು ನನ್ನ ಪಾಲಿಗೆ ಬಂದಿದೆ. ಬಾನುಲಿಯವರು ನನಗೆ ಕೊಟ್ಟಿರುವ ವಿಷಯ, ಸಾಮಾನ್ಯ ವೀಡಿಯೋ ಒಂದಕ್ಕೆ ಸಿನಿಮಾದ ಕಳೆ ಬರುವುದು ಹೇಗೆ ಎಂಬುದು. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ಉಸಾಬರಿ ಏಕೆ ಎಂದು ಶ್ರೋತೃಗಳಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಒಂದು ಕಾಲಕ್ಕೆ ನನ್ನಲ್ಲಿ ಹಳಗನ್ನಡ ಕಲಿತ ಶಿಷ್ಯನೊಬ್ಬ ಇಂದು ನಮ್ಮ ಊರಿನಲ್ಲಿ ಮದುವೆ, ಮುಂಜಿ, ಗೃಹಪ್ರವೇಶಗಳ ವೀಡಿಯೋ ತೆಗೆದು ಜೀವನ ನಡೆಸುತ್ತಿದ್ದಾನೆ. ಎಂಬತ್ತು ದಾಟಿದ ತೊಗಲುಗೊಂಬೆಯಾಟದ ಕಲಾವಿದರೊಬ್ಬರ ಆಟವನ್ನು ಅವರ ಕೈ ನಡೆಯುವಾಗಲೇ ದಾಖಲಿಸಬೇಕೆಂದು ಅವನಿಗೆ ಆಸೆಯಾಯಿತು. ಗೊಂಬೆಗಳ ಹೆಸರು, ಪ್ರಸಂಗಗಳ ಪಾಠ, ಪದಗಳ ಅರ್ಥ ಬರೆದುಕೊಳ್ಳುವುದಕ್ಕೆ ನಾನು ಜೊತೆಗೆ ಹೋದೆ. ಹೋದವನು ಕ್ಯಾಮರಾದ ಹಿಂದೆ ನಡೆಯುವುದನ್ನೂ ನೋಡಿದೆ. ನೋಡಿದ ಮೇಲೆ ಪ್ರಶ್ನೆ ಕೇಳದಿರುವುದು ಮೇಷ್ಟರ ಜಾತಿಗೆ ಸಾಧ್ಯವಿಲ್ಲ.

ಮೊದಲು ಒಂದು ಶಬ್ದವಿಚಾರ. ಫೋಟೋಗ್ರಫಿ ಎಂಬ ಮಾತು ಗ್ರೀಕಿನ ಮೂಲದ್ದು; ಬೆಳಕಿನಿಂದ ಬರೆಯುವುದು ಎಂದು ಅದರ ಅರ್ಥ. ನಾವು ಅದನ್ನು ಛಾಯಾಗ್ರಹಣ ಎಂದೆವು, ಎಂದರೆ ನೆರಳನ್ನು ಹಿಡಿಯುವುದು. ಸಂಸ್ಕೃತದ ಛಾಯೆಗೆ ನೆರಳು, ಪ್ರತಿಬಿಂಬ, ಕಾಂತಿ ಎಂಬ ಮೂರು ಅರ್ಥಗಳೂ ಉಂಟು. ಈ ಮಾತನ್ನು ಬಳಕೆಗೆ ತಂದವರು ಅಷ್ಟೆಲ್ಲ ಯೋಚಿಸಿದ್ದರೋ ಇಲ್ಲವೋ, ಸಿನಿಮಾದ ಕಳೆ ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು ಬೆಳಕಿಗಿಂತ ಹೆಚ್ಚಾಗಿ ನೆರಳಿನಲ್ಲಿಯೇ ಇದೆ ಎಂಬುದು ನನಗೆ ಮನದಟ್ಟಾದ ಸಂಗತಿ.

ಇಂದಿನ ಕೈಫೋನನ್ನು ತೆಗೆದುಕೊಳ್ಳಿ. ಅದು ಎಲ್ಲವನ್ನೂ ತೋರಿಸುವ ಹಟದ ಯಂತ್ರ. ಕತ್ತಲೆಯ ಮೂಲೆ ಕಂಡರೆ ಅದನ್ನು ಬೆಳಗಿಸುತ್ತದೆ. ಕಿಟಕಿಯಾಚೆ ಬಿಸಿಲು ಹೆಚ್ಚಾಯಿತೆಂದರೆ ಅದನ್ನು ತಗ್ಗಿಸುತ್ತದೆ. ಮುಂದಿರುವ ಮುಖವನ್ನೂ ಹಿಂದಿರುವ ಕ್ಯಾಲೆಂಡರನ್ನೂ ಒಂದೇ ಸ್ಫುಟತೆಯಲ್ಲಿ ಮುಂದಿಡುತ್ತದೆ. ಗುರುತಿನ ಚೀಟಿಗೆ, ದಸ್ತಾವೇಜಿನ ನಕಲಿಗೆ ಇದು ಬಹಳ ಒಳ್ಳೆಯದು. ಆದರೆ ನೋಡುವವನ ಕಣ್ಣಿಗೆ ಎಲ್ಲಿ ಕೂರಬೇಕೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಸಿನಿಮಾದಲ್ಲಿ ಹೇಳುವವನೊಬ್ಬನಿದ್ದಾನೆ. ಬೆಳಕು ಯಾವ ದಿಕ್ಕಿನಿಂದ ಬರಬೇಕು, ಎಷ್ಟು ಭಾಗ ಕತ್ತಲೆಯಲ್ಲಿ ಉಳಿಯಬೇಕು ಎಂಬುದನ್ನು ಗುಂಡಿ ಒತ್ತುವ ಮೊದಲೇ ಅವನು ತೀರ್ಮಾನಿಸಿರುತ್ತಾನೆ. ಆದ್ದರಿಂದ ಫೋನಿನಲ್ಲಾಗಲಿ ಕ್ಯಾಮರಾದಲ್ಲಾಗಲಿ ಮೊದಲು ಮಾಡಬೇಕಾದ ಕೆಲಸ, ಅದರ ಸ್ವಯಂಚಾಲಿತ ಬುದ್ಧಿಯನ್ನು ಕಟ್ಟಿಹಾಕುವುದು.

ಹೀಗೆ ತೀರ್ಮಾನಿಸಿದವರಲ್ಲಿ ಅಗ್ರಗಣ್ಯರೊಬ್ಬರು ನಮ್ಮವರು. ವಿ. ಕೆ. ಮೂರ್ತಿಯವರು ೧೯೨೩ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದರು. ಗುರುದತ್ತರ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳನ್ನು ನೋಡಿದವರು ಅವರ ಕೆಲಸವನ್ನು ಮರೆಯುವಂತಿಲ್ಲ. ೧೯೫೯ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿನಲ್ಲಿ ನಿರ್ಜನವಾದ ಸ್ಟುಡಿಯೋದ ಕತ್ತಲೆಯೊಳಕ್ಕೆ ಮೇಲಿನಿಂದ ಬೆಳಕಿನ ಕೋಲೊಂದು ಇಳಿಯುತ್ತದೆ. ದೀಪಗಳಿಂದ ಅಂಥ ಒಗ್ಗೂಡಿದ ಕಿರಣ ಬಾರದು. ಮೂರ್ತಿಯವರು ದೊಡ್ಡ ಕನ್ನಡಿಗಳನ್ನು ತರಿಸಿ, ಹೊರಗಿನ ಬಿಸಿಲನ್ನು ಒಂದರಿಂದ ಇನ್ನೊಂದಕ್ಕೆ ಹಾಯಿಸಿ, ಸೂರ್ಯನನ್ನೇ ಸ್ಟುಡಿಯೋದೊಳಕ್ಕೆ ಕರೆತಂದರು. ಆ ಚಿತ್ರ ಹಣ ತರಲಿಲ್ಲ. ಅವರಿಗೆ ಮಾತ್ರ ೨೦೦೮ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಕನ್ನಡಿ, ಬಿಸಿಲು, ಕತ್ತಲೆ, ಈ ಮೂರೂ ಯಾರ ಮನೆಯಲ್ಲಿ ಇಲ್ಲ?

ಇನ್ನೊಬ್ಬರು ಬಂಗಾಳದ ಸುಬ್ರತ ಮಿತ್ರ. ಸತ್ಯಜಿತ್ ರಾಯ್ ಅವರ ೧೯೫೬ರ ‘ಅಪರಾಜಿತೋ’ ಚಿತ್ರಕ್ಕಾಗಿ ಕಾಶಿಯ ಮನೆಯೊಂದರ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಲಾಗಿತ್ತು. ಅಂಥ ಅಂಗಳಕ್ಕೆ ಬೆಳಕು ಆಕಾಶದಿಂದ ಮಾತ್ರ ಬರುತ್ತದೆ. ಅದಕ್ಕೆ ಮೊನಚು ಇಲ್ಲ, ಗೆರೆ ಕೊರೆದಂಥ ನೆರಳಿಲ್ಲ. ಸ್ಟುಡಿಯೋ ದೀಪಗಳನ್ನು ನೇರವಾಗಿ ಬಿಟ್ಟರೆ ಒಬ್ಬೊಬ್ಬರಿಗೆ ನಾಲ್ಕು ನೆರಳು ಬೀಳುತ್ತವೆ. ಮಿತ್ರ ಅವರು ಅಂಗಳದ ಮೇಲೆ ಬಿಳಿಯ ಬಟ್ಟೆ ಕಟ್ಟಿಸಿ, ದೀಪಗಳನ್ನು ಅದರತ್ತ ತಿರುಗಿಸಿ, ಬಟ್ಟೆಯಿಂದ ಪುಟಿದು ಬಂದ ಬೆಳಕಿನಲ್ಲಿ ಚಿತ್ರ ತೆಗೆದರು. ಇಂದು ಸಾವಿರಾರು ರೂಪಾಯಿಗೆ ಮಾರುವ ಮೃದುಬೆಳಕಿನ ಪೆಟ್ಟಿಗೆಗಳು ಮಾಡುವ ಕೆಲಸವೂ ಇದೇ.

ನಮ್ಮ ಗೊಂಬೆಯಾಟದ ಅಜ್ಜನ ಮಾತುಗಳನ್ನು ಅವರ ಮನೆಯ ಜಗುಲಿಯಲ್ಲಿ ತೆಗೆದಾಗ ನನ್ನ ಶಿಷ್ಯ ಈ ಎರಡೂ ಪಾಠಗಳನ್ನು ಬಳಸಿದ. ಅವರನ್ನು ಬೆಳಕಿಗೆ ಎದುರಾಗಿ ಕೂರಿಸದೆ ಬಾಗಿಲಿಗೆ ಪಕ್ಕವಾಗಿ ಕೂರಿಸಿದ. ಬಾಗಿಲಿನ ಬಿಸಿಲು ಮೊದಲು ಒಂದು ಬಿಳಿ ಪಂಚೆಗೆ ತಾಗಿ ಅಲ್ಲಿಂದ ಮುಖಕ್ಕೆ ಬರುವಂತೆ ಮಾಡಿದ. ಅಷ್ಟಾದರೂ ಮುಖ ಚಪ್ಪಟೆಯಾಗಿಯೇ ಕಂಡಿತು. ಕಾರಣ, ಎದುರುಗೋಡೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು. ನೆರಳಿನ ಕೆನ್ನೆಗೂ ಅದು ಬೆಳಕು ಎರಚುತ್ತಿತ್ತು. ಶಿಷ್ಯ ಒಳಗೆ ಹೋಗಿ ಕರಿಕಂಬಳಿ ಕೇಳಿ ತಂದು, ಚೌಕಟ್ಟಿನಿಂದ ಆಚೆಗೆ, ಆ ಕೆನ್ನೆಯ ಪಕ್ಕದಲ್ಲಿ ತೂಗುಹಾಕಿದ. ಒಡನೆಯೇ ಮುಖದ ಸುಕ್ಕುಗಳಲ್ಲಿ ಆಳ ಮೂಡಿತು. ಬೆಳಕನ್ನು ಕೂಡಿಸುವುದನ್ನು ಎಲ್ಲರೂ ಬಲ್ಲರು. ಬೇಡವಾದ ಬೆಳಕನ್ನು ಕಳೆಯುವುದು ಗೊತ್ತಿರುವವರು ಕಡಿಮೆ. ಒಂದು ಬಿಳಿ ಪಂಚೆ, ಒಂದು ಕರಿಕಂಬಳಿ ಇದ್ದರೆ ಮನೆಯಲ್ಲಿ ಅರ್ಧ ಸ್ಟುಡಿಯೋ ಇದ್ದಂತೆಯೇ.

ಇನ್ನು ಚಲನೆಯ ವಿಚಾರ. ಸಿನಿಮಾ ಸೆಕೆಂಡಿಗೆ ೨೪ ಚಿತ್ರಗಳಲ್ಲಿ ಓಡುತ್ತದೆ. ೧೯೨೦ರ ದಶಕದ ಕೊನೆಗೆ ಚಿತ್ರಗಳು ಮಾತನಾಡತೊಡಗಿದಾಗ ಧ್ವನಿ ಸರಿಯಾಗಿ ಕೇಳಲು, ಫಿಲ್ಮೂ ಹೆಚ್ಚು ಖರ್ಚಾಗದಿರಲು ಈ ಸಂಖ್ಯೆ ಗಟ್ಟಿಯಾಯಿತು. ನಮ್ಮ ಹಳೆಯ ದೂರದರ್ಶನದ ಪದ್ಧತಿಯಲ್ಲಾದರೋ ೨೫ ಚಿತ್ರಗಳನ್ನು ಒಂದು ಬಿಟ್ಟು ಒಂದು ಗೆರೆಯಂತೆ ಸೀಳಿ, ಸೆಕೆಂಡಿಗೆ ೫೦ ಅರೆಚಿತ್ರಗಳಾಗಿ ಕಳಿಸುತ್ತಿದ್ದರು. ವೀಡಿಯೋ ಕ್ಯಾಮರಾ ದೃಶ್ಯವನ್ನು ೫೦ ಸಲ ನೋಡುತ್ತಿತ್ತು. ಆದ್ದರಿಂದ ಅಲ್ಲಿ ಚಲನೆ ನೀರಿನಂತೆ ನುಣುಪು, ಸಿನಿಮಾದಲ್ಲಿ ಕೊಂಚ ಕನಸಿನಂತೆ. ಮದುವೆಯ ಹಳೆಯ ಕ್ಯಾಸೆಟ್ಟು ನೋಡಿದೊಡನೆ ಅದು ವೀಡಿಯೋ ಎಂದು ಮಕ್ಕಳಿಗೂ ತಿಳಿಯುತ್ತಿದ್ದುದು ಇದರಿಂದ. ಸಾಮಾನ್ಯರ ಕೈಗೆಟಕುವ ವೀಡಿಯೋ ಕ್ಯಾಮರಾದಲ್ಲಿ ೨೪ ಚಿತ್ರಗಳ ಗತಿ ದೊರೆತದ್ದು ೨೦೦೨ರಲ್ಲಿ, ಪ್ಯಾನಸಾನಿಕ್‌ನವರ ಒಂದು ಕ್ಯಾಮರಾದಿಂದ. ಇಂದು ಅದು ಅನೇಕ ಫೋನುಗಳಲ್ಲೂ ಇದೆ.

ಪ್ರತಿಯೊಂದು ಚಿತ್ರಕ್ಕೂ ಕಣ್ಣು ಎಷ್ಟು ಹೊತ್ತು ತೆರೆದಿರಬೇಕು? ಗತಿಯ ಅರ್ಧ ಎಂಬುದು ರೂಢಿಯ ಲೆಕ್ಕ: ೨೫ ಚಿತ್ರಗಳಿಗೆ ಸೆಕೆಂಡಿನ ೫೦ನೆಯ ಒಂದು ಭಾಗ. ಆಗ ಬೀಸಿದ ಕೈ ಹದವಾಗಿ ಮಸುಕಾಗುತ್ತದೆ. ಅದಕ್ಕಿಂತ ಬಹಳ ಕಡಿಮೆ ಹೊತ್ತು ತೆರೆದರೆ ಕೈ ತುಂಡುತುಂಡಾಗಿ ಜಿಗಿಯುತ್ತದೆ. ಬಿಸಿಲಿನಲ್ಲಿ ಇಷ್ಟು ಹೊತ್ತು ತೆರೆದರೆ ಚಿತ್ರ ಬೆಳ್ಳಗೆ ಸುಟ್ಟುಹೋಗುವುದರಿಂದ ಮಸೂರದ ಮುಂದೆ ಬೂದುಬಣ್ಣದ ಎನ್.ಡಿ. ಗಾಜು ಹಾಕುತ್ತಾರೆ, ಕ್ಯಾಮರಾಕ್ಕೆ ತಂಪುಕನ್ನಡಕವೆಂದರೂ ಸರಿಯೇ. ನಮ್ಮ ದೇಶದಲ್ಲಿ ೨೪ಕ್ಕಿಂತ ೨೫ ಹಿತವಾಗುವುದಕ್ಕೆ ಬೇರೆ ಕಾರಣವೂ ಉಂಟು. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತದ್ದು. ಟ್ಯೂಬ್‌ಲೈಟು, ಅಗ್ಗದ ಎಲ್ಇಡಿ ಬಲ್ಬು ಸೆಕೆಂಡಿಗೆ ನೂರು ಬಾರಿ ಮಿಡಿಯುತ್ತವೆ. ಕ್ಯಾಮರಾದ ಎಣಿಕೆ ಇದಕ್ಕೆ ಹೊಂದದಿದ್ದರೆ ಕಲ್ಯಾಣಮಂಟಪದ ಗೋಡೆಯೆಲ್ಲ ಜ್ವರ ಬಂದಂತೆ ನಡುಗುತ್ತದೆ.

ಈಗ ಮಸುಕಿನ ವಿಚಾರಕ್ಕೆ ಬರೋಣ. ಮುಖ ಸ್ಫುಟವಾಗಿ, ಹಿನ್ನೆಲೆ ಕರಗಿ ಕಾಣುವುದೇ ಸಿನಿಮಾ ಎಂದು ಇಂದಿನ ತರುಣರಲ್ಲಿ ಅನೇಕರು ನಂಬಿದ್ದಾರೆ. ಮಸೂರದ ದ್ವಾರ ಹಿಗ್ಗಿದಷ್ಟೂ ಸ್ಫುಟವಾಗಿ ಕಾಣುವ ಆಳ ಕುಗ್ಗುತ್ತದೆ. ಸ್ಟಾನ್ಲಿ ಕುಬ್ರಿಕ್ ೧೯೭೫ರ ‘ಬ್ಯಾರಿ ಲಿಂಡನ್’ ಚಿತ್ರದ ಕೆಲವು ದೃಶ್ಯಗಳನ್ನು ಮೇಣದಬತ್ತಿಯ ಬೆಳಕಿನಲ್ಲೇ ತೆಗೆಯಬೇಕೆಂದು, ನಾಸಾ ಸಂಸ್ಥೆಗಾಗಿ ಝೈಸ್ ಕಂಪನಿ ತಯಾರಿಸಿದ್ದ ಅತಿ ವಿಶಾಲದ್ವಾರದ ಮಸೂರಗಳನ್ನು ಸಂಪಾದಿಸಿದ. ಬೆಳಕು ಸಾಕಾಯಿತು, ಆಳ ಸಾಲದಾಯಿತು. ನಟರು ಕೊಂಚ ಮುಂದೆ ಬಾಗಿದರೂ ಮುಖ ಮಸುಕಾಗುತ್ತಿತ್ತು. ೨೦೦೮ರಲ್ಲಿ ಕ್ಯಾನನ್‌ನವರ ಸ್ಥಿರಚಿತ್ರದ ಕ್ಯಾಮರಾವೊಂದು ದೊಡ್ಡ ಸಂವೇದಕದಲ್ಲಿ ವೀಡಿಯೋ ಹಿಡಿಯತೊಡಗಿದ ಮೇಲೆ ಈ ಮಸುಕು ಮದುವೆಮನೆಗೂ ಬಂದಿತು. ೨೦೨೧ರಿಂದೀಚೆಗೆ ಐಫೋನು ಅದನ್ನು ಲೆಕ್ಕಹಾಕಿ ಕೃತಕವಾಗಿ ಬರೆಯುತ್ತಿದೆ. ಒಮ್ಮೊಮ್ಮೆ ಮದುಮಗಳ ಜಡೆಯ ತುದಿಯೂ ಹಿನ್ನೆಲೆಯೊಡನೆ ಕರಗಿಹೋಗುವುದುಂಟು.

ನನಗೂ ಶಿಷ್ಯನಿಗೂ ಜಗಳವಾದದ್ದು ಇಲ್ಲಿಯೇ. ಪರದೆಯ ಹಿಂದೆ ಅಜ್ಜ ಗೊಂಬೆಯಾಡಿಸುವುದನ್ನು ಅವನು ವಿಶಾಲದ್ವಾರದಲ್ಲಿ ತೆಗೆದ. ಮುಖ ಅದ್ಭುತವಾಗಿತ್ತು. ಆದರೆ ಕಡ್ಡಿ ಹಿಡಿದ ಬೆರಳುಗಳು ಮಸುಕು. ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಪದ ಹೇಳುತ್ತಿದ್ದ ಅಜ್ಜಿ ಬರಿಯ ಬಣ್ಣದ ಮುದ್ದೆ.

“ಇದೇ ಅಲ್ಲವೇ ಸಾರ್ ಸಿನಿಮಾ?” ಎಂದ.

“ಅಪ್ಪಾ, ನಾಳೆ ಇದನ್ನು ನೋಡಿ ಒಬ್ಬ ಹುಡುಗ ರಾವಣನ ಗೊಂಬೆಯನ್ನು ಕುಣಿಸಬೇಕು. ಅವನಿಗೆ ಬೇಕಾದದ್ದು ಮುಖವೋ, ಬೆರಳೋ?” ಎಂದೆ.

ಅವನು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ದ್ವಾರವನ್ನು ಕಿರಿದುಮಾಡಿದ. ಪರದೆಯ ಮೇಲೆ ಬೀಳದಂತೆ ಮರೆಕಟ್ಟಿ ಕೈಗಳ ಕಡೆಗೆ ಒಂದು ಪುಟ್ಟ ದೀಪ ತಿರುಗಿಸಿದ. ಈ ಬಾರಿ ಬೆರಳು, ಮುಖ, ಅಜ್ಜಿ ಮೂವರೂ ಉಳಿದರು. ಅವರ ಹಿಂದಿನ ಗೋಡೆ, ಗೋಣಿಚೀಲ, ಸೈಕಲ್ಲು ಕತ್ತಲೆಯಲ್ಲಿ ಮುಳುಗಿದವು. ಮಸುಕು ಮಾಡಬೇಕೆಂದಿದ್ದ ಕೆಲಸವನ್ನು ನೆರಳು ಮಾಡಿತು, ಏನನ್ನೂ ಕದಿಯದೆ ಮಾಡಿತು.

ಪರದೆಯ ಮುಂಭಾಗದ ಕಷ್ಟ ಬೇರೆ ಬಗೆಯದು. ಸುತ್ತ ಕತ್ತಲೆ, ನಡುವೆ ಹೊಳೆಯುವ ಬಿಳಿ ಪರದೆ. ಸ್ವಯಂಚಾಲಿತ ಕ್ಯಾಮರಾ ಕತ್ತಲೆಯನ್ನು ಕಂಡು ಗಾಬರಿಯಾಗಿ ಬೆಳಕು ಏರಿಸುತ್ತದೆ; ಗೊಂಬೆಯ ಕೆಂಪು, ಹಸಿರು ಎಲ್ಲವೂ ತೊಳೆದುಹೋಗುತ್ತವೆ. ಅದರ ಮೇಲೆ ದೀಪದ ಹಳದಿಯನ್ನು ದೋಷವೆಂದು ತಿಳಿದು ಬೆಳ್ಳಗೆ ಮಾಡುತ್ತದೆ. ಹದ ಮಾಡಿದ ತೊಗಲು ದೀಪದ ಮುಂದೆ ತಾನೇ ಉರಿದಂತೆ ಕಾಣುವುದೇ ಈ ಆಟದ ಸೊಗಸು. ಆ ಹಳದಿ ಹೋದರೆ ಏನು ಉಳಿಯಿತು? ಪರದೆಯ ಬೆಳಕಿಗೇ ಅಳತೆಯಿಟ್ಟು ಬೀಗ ಹಾಕಬೇಕು. ಬಣ್ಣದ ಹೊಂದಾಣಿಕೆಯನ್ನು ೩೨೦೦ ಕೆಲ್ವಿನ್ನಿನ ಆಸುಪಾಸಿನಲ್ಲಿ ನಿಲ್ಲಿಸಬೇಕು. ತಂತಿಬಲ್ಬಿನ ಬೆಳಕು ಅದಕ್ಕಿಂತ ಕೊಂಚ ಕೆಳಗಿನದಾದ್ದರಿಂದ ಹಳದಿ ಸ್ವಲ್ಪ ಉಳಿಯುತ್ತದೆ, ಉಳಿಯಲಿ.

ನೆರಳೆಂದೊಡನೆ ನೆನಪಾಗುವುದು ಗಿರೀಶ ಕಾಸರವಳ್ಳಿಯವರ ೧೯೭೭ರ ‘ಘಟಶ್ರಾದ್ಧ’. ಎಸ್. ರಾಮಚಂದ್ರ ಅವರು ಅದನ್ನು ಕಪ್ಪುಬಿಳುಪಿನಲ್ಲಿ ತೆಗೆದರು. ಮಲೆನಾಡಿನ ಮನೆಯ ಒಳಗತ್ತಲೆ ಅಲ್ಲಿ ಒಂದು ಪಾತ್ರವೇ ಆಗಿದೆ. ಆ ಚಿತ್ರವನ್ನು ಪುನರುದ್ಧಾರ ಮಾಡಿ ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು.

ಬಾನುಲಿಯಲ್ಲಿ ಕುಳಿತು ಧ್ವನಿಯನ್ನು ಮರೆತರೆ ಅಪಚಾರವಾದೀತು. ಮಂಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಮೈಕು ಕ್ಯಾಮರಾದ ಬಳಿಯಲ್ಲಲ್ಲ, ಬಾಯಿಯ ಬಳಿ ಇರಬೇಕು. ಫ್ಯಾನು, ಫ್ರಿಜ್ಜು ಆರಿಸಬೇಕು. ಎಲ್ಲ ಮುಗಿದ ಮೇಲೆ ಯಾರೂ ಮಾತನಾಡದೆ ಒಂದು ನಿಮಿಷ ಆ ಜಾಗದ ಮೌನವನ್ನೇ ಮುದ್ರಿಸಿಕೊಳ್ಳಬೇಕು. ಸಂಕಲನದಲ್ಲಿ ಮಾತಿನ ತುಂಡುಗಳ ನಡುವೆ ಅದನ್ನು ತುಂಬದಿದ್ದರೆ ಕಿವಿ ಹಳ್ಳಕ್ಕೆ ಬಿದ್ದಂತಾಗುತ್ತದೆ. ನಮ್ಮ ಜಗುಲಿಯ ಮೌನದಲ್ಲಿ ಒಂದು ಕೋಳಿಯೂ ದೂರದ ಟ್ರ್ಯಾಕ್ಟರೂ ಸೇರಿಕೊಂಡಿವೆ.

ಮೇಲೆ ಕೆಳಗೆ ಕಪ್ಪುಪಟ್ಟಿ ಅಂಟಿಸುವುದು, ಮುಖಕ್ಕೆ ಕಿತ್ತಳೆಯನ್ನೂ ಗೋಡೆಗೆ ನೀಲಿಹಸಿರನ್ನೂ ಬಳಿಯುವುದು, ಅಕ್ಷತೆ ಬೀಳುವುದನ್ನು ಹಿಮಪಾತದಂತೆ ನಿಧಾನಗೊಳಿಸುವುದು, ಇವೆಲ್ಲ ಇಂದಿನ ಫ್ಯಾಷನ್ನುಗಳು. ನಿಧಾನಗತಿ ಬೇಕೇಬೇಕೆಂದರೆ ಸೆಕೆಂಡಿಗೆ ೫೦ ಅಥವಾ ೧೦೦ ಚಿತ್ರ ತೆಗೆದು ೨೫ರಲ್ಲಿ ಓಡಿಸಬೇಕು. ೨೫ರದ್ದನ್ನೇ ಎಳೆದರೆ ರಬ್ಬರಿನಂತೆ ಕಾಣುತ್ತದೆ. ಒಂದು ಮದುವೆಯಲ್ಲಿ ಒಮ್ಮೆ ಸಾಕು.

ಅಜ್ಜನ ಆಟದ ದಾಖಲೆ ಈಗ ಎರಡು ರೂಪಗಳಲ್ಲಿದೆ. ಒಂದು, ಸಂಕಲನವಾಗಿ, ಬಣ್ಣ ತಿದ್ದಿ, ಊರಿನ ಜನ ಕುಳಿತು ನೋಡುವಂಥ ನಲವತ್ತು ನಿಮಿಷದ ಚಿತ್ರ. ಇನ್ನೊಂದು, ಕೈಗಳ ಕಡೆಯಿಂದ ಕತ್ತರಿಸದೆ ತೆಗೆದ ಇಡೀ ರಾತ್ರಿಯ ಆಟ. ಎರಡನ್ನೂ ಎರಡು ಬೇರೆ ಹಾರ್ಡ್‌ಡಿಸ್ಕುಗಳಲ್ಲಿ ಹಾಕಿ, ಒಂದನ್ನು ಅವರ ಮನೆಯಲ್ಲಿ, ಒಂದನ್ನು ಶಿಷ್ಯನ ಸ್ಟುಡಿಯೋದಲ್ಲಿ ಇಟ್ಟಿದ್ದೇವೆ. ಯಾವ ಗಂಟೆಗೆ ಯಾವ ಗೊಂಬೆ ಪರದೆಗೆ ಬರುತ್ತದೆ ಎಂಬ ಪಟ್ಟಿಯನ್ನು ನಾನು ಕಾಗದದ ಮೇಲೆ ಬರೆದು ಜೊತೆಗೆ ಇರಿಸಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೊಮ್ಮಗ ರಜೆಗೆ ಬಂದಾಗ ಊರಿನವರ ಜೊತೆ ಮೊದಲನೆಯದನ್ನು ನೋಡಿದನಂತೆ. ಆಮೇಲೆ ಎರಡನೆಯದನ್ನು ನಕಲು ಮಾಡಿಕೊಂಡು ಹೋದನಂತೆ.