ಮೊಬೈಲಿನಲ್ಲಿ ಆಟ ನೋಡುವುದು ಹೇಗೆ?



ನಮ್ಮ ಕಾಸರಗೋಡಿನ ಕಡೆ ‘ಆಟಕ್ಕೆ ಹೋಗುವುದು’ ಅಂದರೆ ಯಕ್ಷಗಾನಕ್ಕೆ ಹೋಗುವುದು. ಬೇರೆ ಅರ್ಥ ಯಾರೂ ಕೇಳುವುದಿಲ್ಲ. ದೀಪಾವಳಿ ಕಳೆದು ಮೇಳಗಳು ಹೊರಟರೆ, ಮೇ ತಿಂಗಳ ಕೊನೆಯ ವಾರ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವ ತನಕ ಒಂದಲ್ಲ ಒಂದು ಊರಿನಲ್ಲಿ ಚೆಂಡೆಯ ಶಬ್ದ ಕೇಳುತ್ತಲೇ ಇರುತ್ತದೆ. ಮಳೆಗಾಲದಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು ಮತ್ತು ಹಾಡಿನ ತಾಳಮದ್ದಳೆ ಉಂಟು.

ಆದರೆ ಎಲ್ಲರಿಗೂ ಹೋಗ್ಲಿಕ್ಕೆ ಆಗುತ್ತದೆಯೇ? ಗಂಟುನೋವು ಇದ್ದವರಿಗೆ ಗದ್ದೆಯಲ್ಲಿ ರಾತ್ರಿಯಿಡೀ ಕುಳಿತುಕೊಳ್ಳುವುದು ಕಷ್ಟ. ರೋಗಿಯನ್ನು ನೋಡಿಕೊಳ್ಳುವವರು ಮನೆ ಬಿಟ್ಟು ಹೊರಡುವ ಹಾಗಿಲ್ಲ. ಬೀಡಿ ಕಟ್ಟುವವರಿಗೆ ಬೆಳಿಗ್ಗೆ ಲೆಕ್ಕ ಒಪ್ಪಿಸಬೇಕು. ಆಟ ಮುಗಿದ ಮೇಲೆ ಬಸ್ಸೂ ಇಲ್ಲ. ಇಂಥವರಿಗೆಲ್ಲ ಈಗ ಮನೆಯ ಜಗಲಿಯಲ್ಲೇ ಆಟ ನೋಡುವ ದಾರಿಯೊಂದಿದೆ. ಅದಕ್ಕೆ ಟಿಕೆಟು ಬೇಡ. ಆದರೆ ಸ್ವಲ್ಪ ಅಕ್ಷರಜ್ಞಾನ ಬೇಕು, ಸ್ವಲ್ಪ ಲೆಕ್ಕ ಬೇಕು, ಸ್ವಲ್ಪ ಎಚ್ಚರ ಬೇಕು. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಇದು ಶುರುವಾದದ್ದು ಯಾವಾಗ?

ಯೂಟ್ಯೂಬ್ ಎಂಬುದು 2005ರಲ್ಲಿ ಆರಂಭವಾಯಿತು. ವಿಡಿಯೋಗಳನ್ನು ಹಾಕಬಹುದಾದ, ಯಾರು ಬೇಕಾದರೂ ತೆರೆದು ನೋಡಬಹುದಾದ ಒಂದು ದೊಡ್ಡ ಕಪಾಟು ಅದು ಅಂತ ತಿಳಿದುಕೊಳ್ಳಿ. ಆದರೆ ಆಗ ನಮ್ಮ ಹಳ್ಳಿಗಳಲ್ಲಿ ಇಂಟರ್‌ನೆಟ್ ಇರಲಿಲ್ಲ, ಇದ್ದರೂ ದುಬಾರಿ. 2016ರ ನಂತರ ಮೊಬೈಲ್ ಇಂಟರ್‌ನೆಟ್ಟಿನ ಬೆಲೆ ಬಹಳ ಇಳಿಯಿತು. ಆ ಮೇಲೆ ಆಟದ ವಿಡಿಯೋಗಳು ಮನೆ ಮನೆಗೆ ಬಂದವು.

2020ರ ಮಾರ್ಚ್ ಕೊನೆಯಲ್ಲಿ ಕೊರೋನ ಕಾರಣ ದೇಶಕ್ಕೆಲ್ಲ ಬೀಗ ಬಿತ್ತು. ಮೇಳಗಳ ತಿರುಗಾಟ ಅರ್ಧಕ್ಕೇ ನಿಂತಿತು. ಪತ್ತನಾಜೆಗೆ ಇನ್ನೂ ಎರಡು ತಿಂಗಳು ಇತ್ತು. ಕಲಾವಿದರು ವೇಷದ ಪೆಟ್ಟಿಗೆ ಮುಚ್ಚಿ ಮನೆಗೆ ಹೋದರು. ಆಗ ಕೆಲವರು ನಾಲ್ಕೈದು ಜನ ಸೇರಿ, ಎದುರಿಗೆ ಪ್ರೇಕ್ಷಕರೇ ಇಲ್ಲದೆ, ಕ್ಯಾಮರಾದ ಮುಂದೆ ತಾಳಮದ್ದಳೆ ಮಾಡಿದರು. ಅದೇ ವರ್ಷ ಮೈಸೂರು ದಸರಾದ ಜಂಬೂಸವಾರಿಯೂ ಅರಮನೆಯ ಆವರಣದೊಳಗೇ ನಡೆಯಿತು. ಜನ ಮನೆಯಲ್ಲೇ ಕುಳಿತು ನೋಡಿದರು. ರೋಗ ಇಳಿಯಿತು, ಆಟಗಳು ಮತ್ತೆ ಗದ್ದೆಗೆ ಬಂದವು. ಆದರೆ ಕ್ಯಾಮರಾ ಹೋಗಲಿಲ್ಲ. ಈಗ ಎಷ್ಟೋ ಆಟಗಳು ರಂಗಸ್ಥಳದಲ್ಲಿ ನಡೆಯುವ ಹೊತ್ತಿಗೇ ಮೊಬೈಲಿನಲ್ಲೂ ಬರುತ್ತವೆ. ಇದಕ್ಕೆ ‘ನೇರ ಪ್ರಸಾರ’ ಅಥವಾ ‘ಲೈವ್’ ಎನ್ನುತ್ತಾರೆ.

ಕನ್ನಡದಲ್ಲಿ ಬರೆದು ಹುಡುಕಿ

ಹೆಚ್ಚಿನ ಮನೆಗಳಲ್ಲಿ ಆಗುವುದು ಹೀಗೆ. ಅಜ್ಜಿ, “ಮಗಾ, ಒಂದು ಆಟ ಹಾಕಿ ಕೊಡು” ಅಂತ ಮೊಮ್ಮಗನನ್ನು ಕೇಳುತ್ತಾರೆ. ಅವನು ಕಲಿಯುವುದು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ. ಅವನು ಯಾವುದೋ ಒಂದನ್ನು ಹಾಕಿ ಕೊಟ್ಟು ಹೊರಗೆ ಹೋಗುತ್ತಾನೆ. ಅದು ಮುಗಿದ ಮೇಲೆ ಮೊಬೈಲು ತಾನಾಗಿ ಇನ್ನೇನೋ ಹಾಕುತ್ತದೆ. ಅಜ್ಜಿ ಅದನ್ನೇ ನೋಡುತ್ತಾ ಕೂರಬೇಕು.

ಅಕ್ಷರ ಕಲಿತ ಮೇಲೆ ಈ ಕಾಯುವಿಕೆ ಬೇಡ. ಯೂಟ್ಯೂಬ್ ತೆರೆದರೆ ಮೇಲ್ಗಡೆ ಭೂತಗನ್ನಡಿಯ ಗುರುತು ಕಾಣುತ್ತದೆ. ಅದನ್ನು ಒತ್ತಿ. ಬರೆಯುವ ಜಾಗ ಬರುತ್ತದೆ. ಅಕ್ಷರಮಣೆಯಲ್ಲಿ ಕನ್ನಡ ಇಲ್ಲದಿದ್ದರೆ ನಿಮ್ಮ ಕೇಂದ್ರದ ಪ್ರೇರಕರ ಹತ್ತಿರ ಒಮ್ಮೆ ಹಾಕಿಸಿಕೊಳ್ಳಿ. ಆ ಮೇಲೆ ಯಾವಾಗಲೂ ಇರುತ್ತದೆ.

ಬರೀ ‘ಆಟ’ ಅಂತ ಬರೆದರೆ ಸಾಲದು. ನಮಗೆ ಆಟ ಅಂದರೆ ಯಕ್ಷಗಾನ. ಉಳಿದ ಕನ್ನಡಿಗರಿಗೆ ಆಟ ಅಂದರೆ ಮಕ್ಕಳ ಆಟ, ಕ್ರಿಕೆಟ್ ಆಟ. ಯಂತ್ರಕ್ಕೆ ನಮ್ಮ ಊರಿನ ಮಾತು ಗೊತ್ತಿಲ್ಲ. ಆದ್ದರಿಂದ ‘ಯಕ್ಷಗಾನ ನೇರ ಪ್ರಸಾರ’ ಅಥವಾ ‘ಯಕ್ಷಗಾನ ಲೈವ್’ ಎಂದು ಬರೆಯಿರಿ. ಬೇಕಾದ ಪ್ರಸಂಗದ ಹೆಸರು ಸೇರಿಸಿ: ‘ಯಕ್ಷಗಾನ ಪಂಚವಟಿ’, ‘ಯಕ್ಷಗಾನ ದೇವಿ ಮಹಾತ್ಮೆ’. ಪಂಚವಟಿ ಪ್ರಸಂಗ ನಮ್ಮ ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದದ್ದು. ನಮ್ಮದೇ ನೆಲದ ಕವಿಯ ಪ್ರಸಂಗವನ್ನು ನಾವೇ ಅಕ್ಷರ ಕೂಡಿಸಿ ಹುಡುಕುವುದು ಸಂತೋಷದ ಕೆಲಸವಲ್ಲವೇ?

‘ತಾಳಮದ್ದಳೆ’ ಬರೆಯುವಾಗ ‘ದ್ದ’ ಎಂಬ ಒತ್ತಕ್ಷರ ಬರುತ್ತದೆ. ಮೊದಲು ‘ದ’ ಒತ್ತಿ. ಆ ಮೇಲೆ ಅರ್ಧಾಕ್ಷರದ ಗುರುತು ‘್’ ಒತ್ತಿ. ಮತ್ತೆ ‘ದ’ ಒತ್ತಿ. ಒತ್ತು ತಾನಾಗಿ ಕೆಳಗೆ ಬಂದು ಕೂರುತ್ತದೆ. ‘ಯಕ್ಷಗಾನ’ದ ‘ಕ್ಷ’ವೂ ಹಾಗೆಯೇ: ‘ಕ’, ‘್’, ‘ಷ’. ಒಂದು ಒತ್ತು ತಪ್ಪಿದರೂ ಹೆಚ್ಚಾಗಿ ಯಂತ್ರಕ್ಕೆ ಅರ್ಥವಾಗುತ್ತದೆ. ಆದ್ದರಿಂದ ಹೆದರಬೇಡಿ. ಮೈಕಿನ ಗುರುತು ಒತ್ತಿ ಬಾಯಲ್ಲಿ ಹೇಳಲೂಬಹುದು. ಆದರೆ ಬರೆದು ಹುಡುಕಿದರೆ ಕೈಗೆ ಅಭ್ಯಾಸವಾಗುತ್ತದೆ. ಕಲಿತ ಅಕ್ಷರ ಮರೆತು ಹೋಗುವುದು ಅದನ್ನು ಬಳಸದಿದ್ದಾಗ ಮಾತ್ರ.

ಇನ್ನೊಂದು ಲಾಭವೂ ಉಂಟು. ನಾವು ಏನು ಹುಡುಕುತ್ತೇವೋ ಅದನ್ನು ನೋಡಿಯೇ ಯೂಟ್ಯೂಬ್ ಮುಂದಿನ ವಿಡಿಯೋಗಳನ್ನು ತೋರಿಸುತ್ತದೆ. ಕನ್ನಡದಲ್ಲಿ ಹುಡುಕಿದರೆ ಕನ್ನಡದ್ದೇ ಹೆಚ್ಚು ಬರುತ್ತದೆ. ಗಡಿಯಲ್ಲಿ ಇರುವ ನಮಗೆ ಇದು ಸಣ್ಣ ವಿಷಯ ಅಲ್ಲ. ಬಸ್ಸಿನ ಬೋರ್ಡು, ಕಚೇರಿಯ ಅರ್ಜಿ ಕನ್ನಡದಲ್ಲಿ ಬೇಕಾದರೆ ಬೇರೆಯವರನ್ನು ಕೇಳಬೇಕು. ಮೊಬೈಲಿನಲ್ಲಿ ಕನ್ನಡ ಬೇಕಾದರೆ ನಾವು ಬರೆದರೆ ಸಾಕು.

ನೇರವೋ, ಹಳೆಯದೋ?

ನಿಜವಾಗಿ ಈಗ ನಡೆಯುವ ಆಟಕ್ಕೆ ‘ಲೈವ್’ ಎಂಬ ಕೆಂಪು ಗುರುತು ಇರುತ್ತದೆ. ಆದರೂ ಒಂದು ಜಾಗ್ರತೆ. ಕೆಲವರು ಹಳೆಯ ವಿಡಿಯೋವನ್ನೇ ಲೈವ್ ಅಂತ ಬಿಡುವುದುಂಟು. ಕೆಳಗೆ ಬರೆದ ಊರು, ತಾರೀಕು, ಮೇಳದ ಹೆಸರು ಓದಿ ನೋಡಿ. ತಾರೀಕು ಓದ್ಲಿಕ್ಕೆ ಬಂದರೆ ಯಾರೂ ನಮ್ಮನ್ನು ಮೋಸ ಮಾಡುವ ಹಾಗಿಲ್ಲ.

ಮೆಚ್ಚಿದ ಚಾನೆಲ್ ಇದ್ದರೆ ‘ಸಬ್‌ಸ್ಕ್ರೈಬ್’ ಎಂಬುದನ್ನು ಒತ್ತಿ. ಇದು ಚಂದಾ ಎಂದು ಕೆಲವರು ಹೆದರುತ್ತಾರೆ. ಇದಕ್ಕೆ ಹಣ ಇಲ್ಲ. ಅದರ ಪಕ್ಕದ ಗಂಟೆಯ ಗುರುತು ಒತ್ತಿದರೆ ಆಟ ಶುರುವಾಗುವಾಗ ಮೊಬೈಲೇ ತಿಳಿಸುತ್ತದೆ.

ನಿದ್ದೆ ಬಂದರೆ ಮಲಗಿ. ಹೆಚ್ಚಿನ ನೇರ ಪ್ರಸಾರಗಳು ಮುಗಿದ ಮೇಲೂ ಅಲ್ಲೇ ಉಳಿಯುತ್ತವೆ. ಬಿಟ್ಟುಹೋದ ಭಾಗವನ್ನು ಮರುದಿನ ನೋಡಬಹುದು. ಅರ್ಥಧಾರಿಯ ಮಾತು ವೇಗವಾಗಿ ಹೋಯಿತು, ಒಂದು ಶಬ್ದ ತಿಳಿಯಲಿಲ್ಲ ಅಂತಾದರೆ ಹಿಂದಕ್ಕೆ ಎಳೆದು ಮತ್ತೆ ಕೇಳಬಹುದು. ಗದ್ದೆಯಲ್ಲಿ ಕುಳಿತವರಿಗೆ ಈ ಸೌಕರ್ಯ ಇಲ್ಲ. ಹಾಗೆ ಸಿಕ್ಕಿದ ಹೊಸ ಶಬ್ದವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಪುಕ್ಕಟೆ ಅಂದರೂ ಡೇಟಾ ಖರ್ಚಾಗುತ್ತದೆ

ಟಿಕೆಟು ಇಲ್ಲ ನಿಜ. ಆದರೆ ವಿಡಿಯೋ ನೋಡುವಾಗ ನಾವು ರೀಚಾರ್ಜ್ ಮಾಡಿದ ಡೇಟಾ ಕರಗುತ್ತದೆ. ಚಿತ್ರ ಎಷ್ಟು ಸ್ಪಷ್ಟವೋ ಅಷ್ಟು ಹೆಚ್ಚು ಡೇಟಾ. ವಿಡಿಯೋದ ಮೇಲೆ ಒಮ್ಮೆ ಮುಟ್ಟಿದರೆ ಹಲ್ಲಿರುವ ಚಕ್ರದ ಗುರುತು ಕಾಣುತ್ತದೆ. ಅದರೊಳಗೆ 144, 240, 360, 480, 720 ಎಂಬ ಅಂಕಿಗಳಿವೆ. ಅಂಕಿ ಹೆಚ್ಚಾದಂತೆ ಚಿತ್ರ ಸ್ಪಷ್ಟ, ಖರ್ಚೂ ಹೆಚ್ಚು.

ಒಂದು ಲೆಕ್ಕ ಮಾಡೋಣ. 360ರಲ್ಲಿ ಇಟ್ಟರೆ ಗಂಟೆಗೆ ಹೆಚ್ಚುಕಡಿಮೆ 300 ಎಂಬಿ ಬೇಕು. ನಿಮ್ಮ ಪ್ಯಾಕಿನಲ್ಲಿ ದಿನಕ್ಕೆ ಒಂದೂವರೆ ಜಿಬಿ, ಅಂದರೆ ಸುಮಾರು 1500 ಎಂಬಿ ಉಂಟು ಅಂತ ಇಟ್ಟುಕೊಳ್ಳಿ. 1500ನ್ನು 300ರಿಂದ ಭಾಗಿಸಿ. 5 ಬಂತು. ಐದು ಗಂಟೆ ಆಟ ನೋಡಬಹುದು. ಸಂಜೆ ಶುರುವಾಗಿ ನಡುರಾತ್ರಿಗೆ ಮುಗಿಯುವ ಕಾಲಮಿತಿಯ ಆಟಕ್ಕೆ ಇದು ಸಾಕು. 720ಕ್ಕೆ ಏರಿಸಿದರೆ ದೇವಿ ಬರುವ ಮೊದಲೇ ಡೇಟಾ ಮುಗಿದೀತು! ಸಣ್ಣ ಮೊಬೈಲಿನಲ್ಲಿ 360 ಚೆನ್ನಾಗಿಯೇ ಕಾಣುತ್ತದೆ.

ತಾಳಮದ್ದಳೆಯಾದರೆ ಕಿವಿಯೇ ಮುಖ್ಯ. ಅದಕ್ಕೆ 144 ಸಾಕು.

ರೇಡಿಯೋ ಮತ್ತು ಚಂದನ

ಯೂಟ್ಯೂಬ್ ಒಂದೇ ಅಲ್ಲ. ಆಕಾಶವಾಣಿಯ ‘ನ್ಯೂಸ್ ಆನ್ ಏರ್’ ಎಂಬ ಆ್ಯಪ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ದೇಶದ ಹಲವು ನಿಲಯಗಳು ಕೇಳುತ್ತವೆ. ಗುಡ್ಡದ ಮರೆಯಲ್ಲಿ ರೇಡಿಯೋ ಕರಕರ ಅನ್ನುವ ಮನೆಗಳಲ್ಲೂ ಇದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಬರೀ ಧ್ವನಿಯಾದ್ದರಿಂದ ಡೇಟಾ ಬಹಳ ಕಡಿಮೆ. ಬೀಡಿ ಕಟ್ಟುತ್ತಾ, ಅಡಿಕೆ ಸುಲಿಯುತ್ತಾ ಕೇಳ್ಲಿಕ್ಕೆ ಇದು ಒಳ್ಳೆಯದು.

ದೂರದರ್ಶನದ ಚಂದನ ವಾಹಿನಿಯ ಕಾರ್ಯಕ್ರಮಗಳೂ ಯೂಟ್ಯೂಬಿನಲ್ಲಿವೆ. ‘ಥಟ್ ಅಂತ ಹೇಳಿ’ ಎಂಬ ರಸಪ್ರಶ್ನೆಯನ್ನು ಹೆಸರು ಬರೆದು ಹುಡುಕಿ ನೋಡಿ. ಅದರಲ್ಲಿ ಗೆದ್ದವರಿಗೆ ಹಣ ಕೊಡುವುದಿಲ್ಲ, ಪುಸ್ತಕ ಕೊಡುತ್ತಾರೆ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿಯು ‘ವೇವ್ಸ್’ ಎಂಬ ಆ್ಯಪನ್ನೂ ಹೊರತಂದಿದೆ.

ಮೋಸಕ್ಕೆ ಬೀಳಬೇಡಿ

ನೇರ ಪ್ರಸಾರದ ಬದಿಯಲ್ಲಿ ಜನ ಬರೆಯುವ ಮಾತುಗಳು ಓಡುತ್ತಿರುತ್ತವೆ. ಗಲ್ಫಿನಲ್ಲಿ ದುಡಿಯುವ ನಮ್ಮೂರಿನವರೂ ಅಲ್ಲಿ ನಮಸ್ಕಾರ ಬರೆಯುತ್ತಾರೆ. ನೀವೂ ಕನ್ನಡದಲ್ಲಿ ಬರೆಯಿರಿ. ಆದರೆ ಅಲ್ಲೇ ಕಳ್ಳರೂ ಇರುತ್ತಾರೆ. ಈ ನಾಲ್ಕು ಮಾತು ನೆನಪಿಡಿ.

1. ‘ಇನ್ನೂ ಸ್ಪಷ್ಟವಾಗಿ ನೋಡಲು ಇಲ್ಲಿ ಒತ್ತಿ’ ಎಂಬ ಕೊಂಡಿಯನ್ನು ಒತ್ತಬೇಡಿ.
2. ಪುಕ್ಕಟೆ ಆಟಕ್ಕೆ ಬ್ಯಾಂಕ್ ಕಾರ್ಡಿನ ನಂಬರು, ಆಧಾರ್ ನಂಬರು, ಒಟಿಪಿ ಯಾವುದೂ ಬೇಡ. ಕೇಳಿದರೆ ಅದು ಮೋಸವೇ.
3. ‘ನಿಮಗೆ ಬಹುಮಾನ ಬಂದಿದೆ, ಪಿನ್ ಒತ್ತಿ’ ಅಂದರೆ ನಂಬಬೇಡಿ. ಹಣ ಬರ್ಲಿಕ್ಕೆ ಪಿನ್ ಬೇಡ. ಪಿನ್ ಒತ್ತುವುದು ಹಣ ಕೊಡ್ಲಿಕ್ಕೆ.
4. ಹಣ ಹೋಗಿಯೇ ಬಿಟ್ಟರೆ ನಾಚಿಕೊಂಡು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟು ಹಣ ಉಳಿಯುವ ಸಾಧ್ಯತೆ ಹೆಚ್ಚು.

ನಮಗೆ ಪುಕ್ಕಟೆ, ಕಲಾವಿದರಿಗೆ?

ನಾವು ಹಣ ಕೊಡದೆ ನೋಡುತ್ತೇವೆ. ಹಾಗಾದರೆ ಖರ್ಚು ಯಾರದ್ದು? ಹರಕೆಯ ಆಟವಾದರೆ ಆಡಿಸಿದ ಮನೆಯವರದ್ದು. ಕ್ಯಾಮರಾ, ಇಂಟರ್‌ನೆಟ್ಟಿನ ಖರ್ಚು ಕೆಲವು ಕಡೆ ಅವರದ್ದೇ, ಕೆಲವು ಕಡೆ ಚಾನೆಲಿನವರದ್ದು. ನಡುವೆ ಬರುವ ಜಾಹೀರಾತಿನಿಂದ ದೊಡ್ಡ ಚಾನೆಲುಗಳಿಗೆ ಯೂಟ್ಯೂಬ್ ಒಂದು ಪಾಲು ಕೊಡುತ್ತದೆ. ಆದರೆ ಆ ಹಣ ಹೋಗುವುದು ಚಾನೆಲಿನ ಯಜಮಾನರಿಗೆ. ಭಾಗವತರಿಗೆ, ಚೆಂಡೆಯವರಿಗೆ, ವೇಷಧಾರಿಗಳಿಗೆ ಅದು ತಾನಾಗಿ ಮುಟ್ಟುವುದಿಲ್ಲ. ಅವರ ಹೊಟ್ಟೆ ತುಂಬುವುದು ಊರಿನವರು ಆಟ ಆಡಿಸಿದರೆ, ಜನ ಬಂದು ಸೇರಿದರೆ.

ಎದುರಿಗೆ ಜನ ಇಲ್ಲದ ರಂಗಸ್ಥಳದಲ್ಲಿ ವೇಷ ಏರುವುದೂ ಕಷ್ಟ. ಚಪ್ಪಾಳೆ ಬಿದ್ದರೆ ಕುಣಿತಕ್ಕೆ ಹುಮ್ಮಸ್ಸು ಬರುತ್ತದೆ. ಹಾಸ್ಯಗಾರನ ಮಾತಿಗೆ ನಗು ಬಂದರೆ ಮುಂದಿನ ಮಾತು ಹುಟ್ಟುತ್ತದೆ. ಮೊಬೈಲಿನಲ್ಲಿ ನಾವು ನಕ್ಕದ್ದು ಅವನಿಗೆ ಕೇಳಿಸುವುದಿಲ್ಲ.

ಆದ್ದರಿಂದ ಒಂದು ಕ್ರಮ ಇಟ್ಟುಕೊಳ್ಳೋಣ. ಕಾಲಿನಲ್ಲಿ ಶಕ್ತಿ ಇದ್ದವರು ಹತ್ತಿರದ ಊರಿನ ಆಟಕ್ಕೆ ಹೋಗಿ, ಅಲ್ಲೇ ಕುಳಿತು ನೋಡಲಿ. ಹೋಗಲಾರದವರು ಮನೆಯಲ್ಲಿ ನೋಡಲಿ. ಒಬ್ಬರೇ ಕೋಣೆಯೊಳಗೆ ನೋಡುವ ಬದಲು ಅಕ್ಕಪಕ್ಕದ ನಾಲ್ಕು ಜನರನ್ನು ಕರೆಯಿರಿ. ಮೊಬೈಲನ್ನು ಟಿವಿಗೆ ಜೋಡಿಸಲು ಗೊತ್ತಿರುವ ಮಕ್ಕಳನ್ನು ಕೂಗಿ. ಅವರೂ ಹತ್ತು ನಿಮಿಷ ಕೂತಾರು. ಕಿರೀಟ ಇಟ್ಟವನು ಯಾರು, ಗದೆ ಹಿಡಿದವನು ಯಾರು ಅಂತ ಕೇಳಿಯಾರು. ಆಗ ಕಥೆ ಹೇಳಬೇಕಾದವರು ನೀವು. ಆ ಕೆಲಸ ಮೊಬೈಲಿಗೆ ಬರುವುದಿಲ್ಲ.

ಎರಡನೆಯ ಸಾಕ್ಷರತೆ

1991ರ ಏಪ್ರಿಲ್ 18ರಂದು ಕೋಯಿಕ್ಕೋಡಿನಲ್ಲಿ ಕೇರಳವು ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಣೆಯಾಯಿತು. ಅದನ್ನು ಘೋಷಿಸಿದ್ದು ಮಂತ್ರಿಗಳಲ್ಲ. ಮಲಪ್ಪುರಂ ಜಿಲ್ಲೆಯ ನವಸಾಕ್ಷರೆ ಚೇಲಕ್ಕೋಡನ್ ಆಯಿಷಾ. 2025ರ ಆಗಸ್ಟ್ 21ರಂದು ಸಂಪೂರ್ಣ ಡಿಜಿಟಲ್ ಸಾಕ್ಷರತೆಯ ಘೋಷಣೆಯೂ ಆಯಿತು. ಘೋಷಣೆ ರಾಜ್ಯಕ್ಕೆ ಆಗುತ್ತದೆ, ಆದರೆ ಕಲಿಯಬೇಕಾದದ್ದು ಮನೆಯ ಒಬ್ಬೊಬ್ಬರೂ. ಫೋನ್ ಬಂದರೆ ಎತ್ತುವುದು ಮಾತ್ರ ಕಲಿತರೆ ಅರ್ಧ ಕಲಿತ ಹಾಗೆ. ಬೇಕಾದದ್ದನ್ನು ನಮ್ಮ ಭಾಷೆಯಲ್ಲಿ ಬರೆದು ಹುಡುಕಿ ತೆಗೆದರೆ ಅದು ಪೂರ್ಣ ಕಲಿಕೆ.

ಮಾಡಿ ನೋಡಿ

1. ಯೂಟ್ಯೂಬಿನಲ್ಲಿ ‘ಯಕ್ಷಗಾನ ಪಂಚವಟಿ’ ಎಂದು ಕನ್ನಡದಲ್ಲಿ ಬರೆದು ಹುಡುಕಿರಿ. ಮೊದಲು ಬಂದ ಮೂರು ವಿಡಿಯೋಗಳ ಹೆಸರನ್ನು ಪುಸ್ತಕದಲ್ಲಿ ಬರೆಯಿರಿ.
2. ದಿನಕ್ಕೆ 2000 ಎಂಬಿ ಇರುವ ಪ್ಯಾಕಿನಲ್ಲಿ, ಗಂಟೆಗೆ 400 ಎಂಬಿ ಖರ್ಚಾದರೆ, ಎಷ್ಟು ಗಂಟೆ ಆಟ ನೋಡಬಹುದು?
3. ಒಂದು ಆಟ ನೋಡಿ, ಅದರ ಕಥೆಯನ್ನು ಐದು ವಾಕ್ಯಗಳಲ್ಲಿ ಬರೆದು ಮುಂದಿನ ತರಗತಿಗೆ ತನ್ನಿ. ಅಲ್ಲಿ ಎಲ್ಲರೂ ಕೇಳುವ ಹಾಗೆ ಗಟ್ಟಿಯಾಗಿ ಓದಿ.