ಕವಾಸ್‌ಜಿಯ ಮೂಗು: ಒಂದು ವೈದ್ಯಕೀಯ ಚಿತ್ರದ ಸುತ್ತಲಿನ ತಪ್ಪು ಕಲ್ಪನೆಗಳು

ಲಂಡನ್ನಿನ ವೆಲ್ಕಮ್ ಸಂಗ್ರಹದಂಥ ವೈದ್ಯಕೀಯ ಗ್ರಂಥಾಲಯಗಳಲ್ಲಿರುವ ಶಸ್ತ್ರಚಿಕಿತ್ಸೆಯ ಹಳೆಯ ಚಿತ್ರಗಳ ಪೈಕಿ ಭಾರತೀಯ ಓದುಗರಿಗೆ ಹೆಚ್ಚು ಪರಿಚಿತವಾದದ್ದು, ಹಣೆಯ ಮೇಲೆ ದೊಡ್ಡ ಗಾಯದ ಕಲೆಯನ್ನೂ ಹೊಸದಾಗಿ ಕಟ್ಟಿದ ಮೂಗನ್ನೂ ತೋರಿಸುವ ಕವಾಸ್‌ಜಿ ಎಂಬಾತನ ಭಾವಚಿತ್ರ. ಇದು ಪ್ರಾಚೀನ ಭಾರತದ ಶಸ್ತ್ರವೈದ್ಯ ಸುಶ್ರುತನ ಪದ್ಧತಿಯ ನೇರ ದಾಖಲೆಯೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಈ ಚಿತ್ರವನ್ನು 1794ರಲ್ಲಿ ಜೇಮ್ಸ್ ವೇಲ್ಸ್ ಎಂಬ ಬ್ರಿಟಿಷ್ ಕಲಾವಿದ ಆ ವ್ಯಕ್ತಿಯನ್ನೇ ಎದುರಿಗಿಟ್ಟುಕೊಂಡು ಬರೆದದ್ದು. ಅದರ ಅಚ್ಚು ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಒಂದು ಪತ್ರದೊಡನೆ ಪ್ರಕಟವಾಯಿತು.

ಪದ್ಧತಿಯೂ ಒಂದೇ ಅಲ್ಲ. ಸುಶ್ರುತ ಸಂಹಿತೆಯು ಮೂಗಿನ ಅಳತೆಗೆ ಎಲೆಯೊಂದನ್ನು ಕತ್ತರಿಸಿ, ಅಷ್ಟೇ ಚರ್ಮವನ್ನು ಕೆನ್ನೆಯಿಂದ ತೆಗೆಯಬೇಕೆನ್ನುತ್ತದೆ; ಕವಾಸ್‌ಜಿಗೆ ಚರ್ಮ ತೆಗೆದದ್ದು ಹಣೆಯಿಂದ. ಪತ್ರದ ವಿವರಣೆಯಂತೆ, ತೆಳುವಾದ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ತಂದು, ಅದನ್ನು ಬಿಡಿಸಿ ಹಣೆಯ ಮೇಲೆ ಹಾಸಿ, ಸುತ್ತ ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸುವಾಗ ಎರಡು ಕಣ್ಣುಗಳ ನಡುವೆ ಕಿರಿದಾದ ಪಟ್ಟಿಯೊಂದನ್ನು ಕೊಯ್ಯದೆ ಉಳಿಸಲಾಯಿತು. ಹೊಸ ಜಾಗಕ್ಕೆ ಅಂಟಿಕೊಳ್ಳುವವರೆಗೆ ಆ ಚರ್ಮಕ್ಕೆ ರಕ್ತ ಹರಿಯುತ್ತಿದ್ದದ್ದು ಈ ಪಟ್ಟಿಯ ಮೂಲಕವೇ. ಬಳಿಕ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಮೊಂಡು ಮೂಗಿನ ಸುತ್ತ ಕೊಯ್ದ ಸೀಳಿನೊಳಗೆ ಅದರ ಅಂಚನ್ನು ಸೇರಿಸಿ, ನೀರಿನಲ್ಲಿ ಮೆತ್ತಗಾಗಿಸಿದ ಕಾಚನ್ನು ಬಟ್ಟೆಯ ತುಂಡುಗಳಿಗೆ ಸವರಿ ಒಂದರ ಮೇಲೊಂದರಂತೆ ಅಂಟಿಸಲಾಯಿತು. ನಾಲ್ಕು ದಿನಗಳ ನಂತರ ತುಪ್ಪದಲ್ಲಿ ಅದ್ದಿದ ಬಟ್ಟೆ ಕಟ್ಟಿ, ಸುಮಾರು 25ನೆಯ ದಿನ ಆ ಪಟ್ಟಿಯನ್ನು ಕತ್ತರಿಸಲಾಯಿತು. ಈ ಕೈಚಳಕವನ್ನು ಗ್ರಂಥದ ಹೆಸರಿಗೆ ಬರೆಯುವುದು ಅದನ್ನು ಕಂಡುಕೊಂಡವರಿಗೆ ಮಾಡುವ ಅನ್ಯಾಯ.

ಸುಶ್ರುತನ ಉಪಕರಣಗಳದ್ದೆಂದು ಹಂಚಿಕೊಳ್ಳಲಾಗುವ ರೇಖಾಚಿತ್ರಗಳೂ ಪ್ರಾಚೀನವಲ್ಲ. ಸಂಹಿತೆಯು 101 ಯಂತ್ರಗಳನ್ನೂ (ಹಿಡಿಯಲು, ಎಳೆಯಲು ಬಳಸುವ ಸಾಧನಗಳು) 20 ಶಸ್ತ್ರಗಳನ್ನೂ (ಕೊಯ್ಯುವ ಸಾಧನಗಳು) ಮಾತಿನಲ್ಲಿ ವರ್ಣಿಸುತ್ತದೆ. ಆ ವರ್ಣನೆಗೆ ರೂಪ ಕೊಟ್ಟವರು 19 ಮತ್ತು 20ನೆಯ ಶತಮಾನಗಳ ಲೇಖಕರು.

ಮೂಗು ಕೊಯ್ಯುವ ಕ್ರೌರ್ಯ ಟಿಪ್ಪು ಸುಲ್ತಾನನ ಕಾಲದ್ದು ಮಾತ್ರ ಎಂಬುದು ಮತ್ತೊಂದು ಕಲ್ಪನೆ. ಇಂಗ್ಲಿಷ್ ಸೈನ್ಯದಲ್ಲಿ ಎತ್ತು ಹೊಡೆಯುವ ಆಳಾಗಿದ್ದ ಕವಾಸ್‌ಜಿ 1792ರ ಯುದ್ಧದಲ್ಲಿ ಸೆರೆಸಿಕ್ಕಿ, ಟಿಪ್ಪುವಿನ ಕಡೆಯವರಿಂದ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು ಪತ್ರ ಹೇಳುವುದು ನಿಜ. ಆದರೆ ಅಂಗಚ್ಛೇದನ ಅದಕ್ಕೂ ಬಹಳ ಹಿಂದಿನದು. 16ನೆಯ ಶತಮಾನದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನುನೀಜ್, ವಿಜಯನಗರದಲ್ಲಿ ಸಣ್ಣ ಕಳವಿಗೂ ಕೈ ಮತ್ತು ಕಾಲು ಕತ್ತರಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ಇನ್ನೂ ಮುಖ್ಯವಾದದ್ದು ಇಟಲಿಯ ನಿಕೊಲಾವ್ ಮನುಚ್ಚಿಯ ಬರಹ: 1686ರಲ್ಲಿ ಔರಂಗಜೇಬನು ಬಿಜಾಪುರದ ಮೇಲೆ ದಂಡೆತ್ತಿದಾಗ, ಮೇವು ತರಲು ಹೋದ ಮೊಗಲರ ಆಳುಗಳ ಮೂಗನ್ನು ಬಿಜಾಪುರದವರು ಕೊಯ್ಯುತ್ತಿದ್ದರು, ಮತ್ತು ನಾಡಿನ ಶಸ್ತ್ರವೈದ್ಯರು ಹಣೆಯ ಚರ್ಮವನ್ನು ಕೆಳಗಿಳಿಸಿ ಮೂಗು ಕಟ್ಟಿಕೊಡುತ್ತಿದ್ದರು. ಹೀಗೆ ಹಣೆಯ ಚರ್ಮದ ಪದ್ಧತಿ ಕವಾಸ್‌ಜಿಗಿಂತ ನೂರು ವರ್ಷ ಮೊದಲೇ ಈ ಸೀಮೆಯ ಯುದ್ಧದೊಡನೆ ಲಿಖಿತ ದಾಖಲೆಯಲ್ಲಿ ಕಾಣಿಸುತ್ತದೆ.

ಇಂಥ ಚಿಕಿತ್ಸೆ ಮಾಡಿದವರು ಆಸ್ಥಾನದ ಪಂಡಿತರೇ ಇರಬೇಕೆಂಬ ಊಹೆಯನ್ನು ಅದೇ ಪತ್ರ ಅಲ್ಲಗಳೆಯುತ್ತದೆ. ಪುಣೆಯ ಬಳಿ ಕವಾಸ್‌ಜಿಗೆ ಮೂಗು ಕಟ್ಟಿದವನು ಇಟ್ಟಿಗೆ ಮಾಡುವ ಜಾತಿಗೆ ಸೇರಿದವನು. ರೋಗಿಯ ಹೆಸರು, ಕಲಾವಿದನ ಹೆಸರು, ಸಾಕ್ಷಿಗಳಾಗಿ ನಿಂತ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರು ಎಲ್ಲವೂ ಉಳಿದುಬಂದಿವೆ. ಕತ್ತಿ ಹಿಡಿದವನ ಹೆಸರನ್ನು ಮಾತ್ರ ಆ ಪತ್ರದಲ್ಲಿ ಯಾರೂ ಬರೆಯಲಿಲ್ಲ. ಚಿತ್ರವನ್ನು ಸುಶ್ರುತನಿಗೆ ಒಪ್ಪಿಸಿಬಿಟ್ಟಾಗ ಆ ವ್ಯಕ್ತಿ ಎರಡನೆಯ ಬಾರಿ ಮರೆಯಾಗುತ್ತಾನೆ.

ಲಂಡನ್ನಿನ ಶಸ್ತ್ರಚಿಕಿತ್ಸಕ ಜೋಸೆಫ್ ಕಾನ್‌ಸ್ಟಂಟೈನ್ ಕಾರ್ಪ್ಯೂ 1814ರಲ್ಲಿ ಇದೇ ವಿಧಾನದಿಂದ ಮೂಗು ಕಟ್ಟಿ, 1816ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದ ಮೇಲೆ ಅದು ಯುರೋಪಿನಲ್ಲಿ ‘ಭಾರತೀಯ ವಿಧಾನ’ ಎಂದೇ ಹೆಸರಾಯಿತು. ಕ್ಯಾನ್ಸರಿನಿಂದ ಮೂಗು ಕಳೆದುಕೊಂಡವರಿಗೆ ಇಂದಿಗೂ ಶಸ್ತ್ರಚಿಕಿತ್ಸಕರು ಹಣೆಯ ಚರ್ಮವನ್ನೇ ತಿರುಗಿಸಿ ತರುತ್ತಾರೆ, ರಕ್ತ ಹರಿಸುವ ಪಟ್ಟಿಯನ್ನು ಸಾಮಾನ್ಯವಾಗಿ ಮೂರು ವಾರಗಳ ನಂತರ ಕತ್ತರಿಸುತ್ತಾರೆ.