ಹಿಮದ ಗೆರೆ ಮೇಲಕ್ಕೆ ಸರಿಯುತ್ತಿದೆ: ಆಲ್ಪ್ಸ್‌ನ ತುದಿಯ ಹೋಟೆಲಿನಲ್ಲಿ ಕಂಡ ಲೆಕ್ಕಾಚಾರ

ಸ್ವಿಟ್ಜರ್ಲೆಂಡಿನ ಜರ್ಮಾಟ್ ಊರಿನ ಮೇಲೆ, ಗೋರ್ನರ್‌ಗ್ರಾಟ್ ಎಂಬ ಬೆಟ್ಟದ ಏಣಿನಲ್ಲಿ, 3,100 ಮೀಟರ್ ಎತ್ತರದಲ್ಲೊಂದು ಹೋಟೆಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅದರ ನೆತ್ತಿಯ ಮೇಲೆ ಇನ್ನೂ ಒಂದು ಕಿಲೋಮೀಟರಿಗಿಂತ ಹೆಚ್ಚು ಏರಿದರೆ ಎಲ್ಲಿಗೆ ಮುಟ್ಟುತ್ತೀರೋ, ಅಲ್ಲಿ ಕೋಣೆ, ಹಾಸಿಗೆ, ಬಿಸಿನೀರು, ರಾತ್ರಿಯೂಟ ಎಲ್ಲವೂ ಸಿಗುತ್ತದೆ. ಕಳೆದ ಮಾರ್ಚಿನಲ್ಲಿ ಅಲ್ಲಿ ಎರಡು ರಾತ್ರಿ ಉಳಿದಿದ್ದೆ. ವಾಪಸ್ ಬಂದ ಮೇಲೆ ಗೆಳೆಯರು ಕೇಳಿದ್ದು ಒಂದೇ ಪ್ರಶ್ನೆ: ಅಷ್ಟು ದುಡ್ಡು ಕೊಟ್ಟು ಅಷ್ಟು ಮೇಲೆ ಹೋಗಿ ಮಲಗುವುದು ಯಾಕೆ?

ನೋಟ ಚೆನ್ನಾಗಿರುತ್ತದೆ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ನೋಟ ನೋಡಲು ಅಲ್ಲಿ ಉಳಿಯಬೇಕಾಗಿಲ್ಲ. ಬೆಳಿಗ್ಗೆ ರೈಲಿನಲ್ಲಿ ಬಂದು, ಎದುರಿಗೇ ನಿಂತ 4,478 ಮೀಟರಿನ ಮ್ಯಾಟರ್‌ಹಾರ್ನ್ ಜೊತೆ ಫೋಟೊ ತೆಗೆಸಿಕೊಂಡು, ಮಧ್ಯಾಹ್ನ ಇಳಿದುಹೋಗುವವರೇ ಹೆಚ್ಚು. ಅವರಲ್ಲಿ ನಮ್ಮ ದೇಶದವರಿಗೂ ಕಮ್ಮಿಯಿಲ್ಲ. ಚಳಿಗಾಲದಲ್ಲಿ ಅಲ್ಲಿ ಉಳಿಯುವವನು ಕೊಳ್ಳುವ ಸರಕು ಬೇರೆ: ಬಾಗಿಲು ತೆಗೆದರೆ ಕಾಲಡಿಯಲ್ಲಿ ಹಿಮ ಇದ್ದೇ ಇರುತ್ತದೆ ಎಂಬ ಖಾತರಿ.

ಈ ಖಾತರಿಗೆ ಯುರೋಪಿನ ಸ್ಕೀ ಉದ್ಯಮದಲ್ಲಿ ಒಂದು ಅಳತೆಗೋಲೇ ಇದೆ. ಡಿಸೆಂಬರ್ ಆರಂಭದಿಂದ ಏಪ್ರಿಲ್ ಮಧ್ಯದವರೆಗೆ ಕನಿಷ್ಠ 100 ದಿನ, ಸ್ಕೀ ಮಾಡುವಷ್ಟು, ಅಂದರೆ ಸುಮಾರು 30 ಸೆಂಟಿಮೀಟರ್ ಹಿಮ ನೆಲದ ಮೇಲೆ ನಿಲ್ಲಬೇಕು. ಹತ್ತರಲ್ಲಿ ಏಳು ಚಳಿಗಾಲ ಹೀಗಿದ್ದರೆ ಆ ಜಾಗವನ್ನು ನಂಬಬಹುದು, ಇಲ್ಲದಿದ್ದರೆ ಇಲ್ಲ. ಒಇಸಿಡಿ ಸಂಸ್ಥೆ 2007ರಲ್ಲಿ ಆಲ್ಪ್ಸ್‌ನ 666 ಸ್ಕೀ ಪ್ರದೇಶಗಳನ್ನು ಈ ಗೋಲಿಟ್ಟು ಅಳೆಯಿತು. ಆಗ 609 ಪಾಸಾದವು. ತಾಪಮಾನ 1 ಡಿಗ್ರಿ ಏರಿದರೆ 500, 2 ಡಿಗ್ರಿಗೆ 404, 4 ಡಿಗ್ರಿಗೆ 202 ಮಾತ್ರ ಉಳಿಯುತ್ತವೆ ಎಂದು ಆ ವರದಿ ಅಂದಾಜಿಸಿತು. ಒಂದೊಂದು ಡಿಗ್ರಿಗೂ ನಂಬಬಹುದಾದ ಹಿಮದ ಗೆರೆ ಸುಮಾರು 150 ಮೀಟರ್ ಮೇಲಕ್ಕೆ ಸರಿಯುತ್ತದೆ ಎಂಬುದು ಅದರ ಲೆಕ್ಕ. ಆಲ್ಪ್ಸ್ ಆಗಲೇ ಜಗತ್ತಿನ ಸರಾಸರಿಯ ಹೆಚ್ಚುಕಮ್ಮಿ ಇಮ್ಮಡಿ ವೇಗದಲ್ಲಿ ಬಿಸಿಯಾಗಿದೆ. ಎತ್ತರ ಯಾಕೆ ದುಬಾರಿ ಅನ್ನುವುದು ಈಗ ಅರ್ಥವಾಗುತ್ತದೆ.

ಹಾಗಂತ ಈ ಎತ್ತರ ಮನುಷ್ಯ ಮಲಗಲು ಹೇಳಿಮಾಡಿಸಿದ ಜಾಗವೇನಲ್ಲ. ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 70ರಷ್ಟು. ಆಮ್ಲಜನಕದ ಪಾಲು ಅಲ್ಲೂ ಅಷ್ಟೇ, ಗಾಳಿಯೇ ತೆಳು. ಹಗಲಲ್ಲಿ ಮೆಟ್ಟಿಲು ಹತ್ತಿದಾಗ ಏದುಸಿರು ಬರುತ್ತದೆ ಅಷ್ಟೆ, ತಮಾಷೆ ಶುರುವಾಗುವುದು ರಾತ್ರಿ. ಆಮ್ಲಜನಕ ಸಾಲದೆ ನಿದ್ದೆಯಲ್ಲಿ ಉಸಿರು ಜೋರಾಗುತ್ತದೆ. ಅದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರಾಡು ಅಂತ ಮೆದುಳಿಗೆ ನೆನಪಿಸುವುದೇ ಆ ಅನಿಲ, ಅದು ಇಳಿದಾಗ ಉಸಿರು ಕೆಲ ಸೆಕೆಂಡು ನಿಂತೇಬಿಡುತ್ತದೆ. ಮತ್ತೆ ಗಬಕ್ಕನೆ ಎಳೆದುಕೊಂಡು ಎಚ್ಚರ. ಮೊದಲ ರಾತ್ರಿ ನನಗೆ ಇದೇ ಕೆಲಸ. ಆರೋಗ್ಯವಂತರಲ್ಲೂ ಇದು ಮಾಮೂಲು. ಆದರೆ ತಲೆನೋವು, ವಾಕರಿಕೆ ಜೋರಾದರೆ ಕೆಳಗಿಳಿಯುವುದೇ ಮದ್ದು. 1,600 ಮೀಟರಿನ ಜರ್ಮಾಟ್‌ನಲ್ಲಿ ಒಂದೆರಡು ರಾತ್ರಿ ಕಳೆದು ಆಮೇಲೆ ಮೇಲೆ ಹೋಗುವುದು ಒಳ್ಳೆಯದು, ಯಾಕೆಂದರೆ ರೈಲು ಕೇವಲ 33 ನಿಮಿಷದಲ್ಲಿ ಎತ್ತಿ ಮೇಲಿಡುತ್ತದೆ, ದೇಹಕ್ಕೆ ಸಮಯವೇ ಸಿಗುವುದಿಲ್ಲ. ಅಂದಹಾಗೆ, ಅಲ್ಲಿ ನೀರು 90 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಚಹಾ ಸಪ್ಪೆ, ಕುಕ್ಕರ್ ಇಲ್ಲದೆ ಬೇಳೆ ಬೇಯಿಸುವ ಆಸೆ ಬಿಡಿ.

ಆ ರೈಲು 1898ರದ್ದು. ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ, ಎಂಜಿನ್ನಿನ ಕೆಳಗಿನ ಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. ಊಟಿ ರೈಲಿನಲ್ಲಿ ಕೂತವರಿಗೆ ಇದು ಗೊತ್ತು. ಎರಡರಲ್ಲೂ ಇರುವುದು ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್ ರೂಪಿಸಿದ ಹಲ್ಲುಪಟ್ಟಿಯೇ. ವ್ಯತ್ಯಾಸ ಅಂದರೆ ಗೋರ್ನರ್‌ಗ್ರಾಟ್‌ನದು ಮೊದಲ ದಿನದಿಂದಲೂ ವಿದ್ಯುತ್ತಿನಲ್ಲಿ ಓಡಿತು. ಇಳಿಯುವ ರೈಲು ಬ್ರೇಕ್ ಹಾಕುತ್ತಲೇ ವಿದ್ಯುತ್ ಹುಟ್ಟಿಸಿ ತಂತಿಗೆ ವಾಪಸ್ ಕೊಡುತ್ತದೆ, ಏರುವ ರೈಲು ಅದನ್ನು ಬಳಸುತ್ತದೆ. ತುದಿಗೆ ವಾಹನ ಹೋಗುವ ರಸ್ತೆಯಿಲ್ಲ. ಹಾಗಾಗಿ ಹೋಟೆಲಿನ ಆಲೂಗಡ್ಡೆಯಿಂದ ಹಾಸಿಗೆ ಬಟ್ಟೆವರೆಗೆ ಎಲ್ಲಕ್ಕೂ ಈ ಹಳಿಯೇ ಗತಿ, ಕಸಕ್ಕೆ ಕೂಡ.

ಖಾತರಿಯ ಹಿಂದೆ ಇರುವುದು ಎತ್ತರವೊಂದೇ ಅಲ್ಲ. ಇಳಿಜಾರಿನ ಅಂಚಿನುದ್ದಕ್ಕೂ ಹಿಮ ಉಗುಳುವ ಯಂತ್ರಗಳು ನಿಂತಿರುತ್ತವೆ. ಸ್ವಿಟ್ಜರ್ಲೆಂಡಿನ ಅರ್ಧಕ್ಕಿಂತ ಹೆಚ್ಚು ಸ್ಕೀ ಹಾದಿಗಳಿಗೆ ಇಂಥ ವ್ಯವಸ್ಥೆಯಿದೆ, ಇಟಲಿಯಲ್ಲಂತೂ ಹತ್ತರಲ್ಲಿ ಒಂಬತ್ತಕ್ಕೆ. ಯಂತ್ರ ಮಾಡುವುದು ಇಷ್ಟೇ: ನೀರನ್ನು ಒತ್ತಡದಲ್ಲಿ ಸಣ್ಣ ಹನಿಯಾಗಿ ಚಿಮ್ಮಿಸುತ್ತದೆ, ನೆಲಕ್ಕೆ ಬೀಳುವಷ್ಟರಲ್ಲಿ ಹನಿ ಹೆಪ್ಪುಗಟ್ಟಬೇಕು. ಅದಕ್ಕೆ ಕೊಳ ಬೇಕು, ಪಂಪು ಬೇಕು, ವಿದ್ಯುತ್ ಬೇಕು. ಇವೆಲ್ಲವನ್ನೂ ದುಡ್ಡು ಕೊಟ್ಟು ತರಬಹುದು. ತರಲಾಗದ್ದು ಚಳಿ. ಗಾಳಿ ಸೊನ್ನೆಗಿಂತ ಒಂದಿಷ್ಟು ಡಿಗ್ರಿ ಕೆಳಗಿಳಿಯದಿದ್ದರೆ ಮಾಮೂಲಿ ಯಂತ್ರ ಉಗುಳುವುದು ಬರೀ ನೀರು. ಕೆಳಗಿನ ಊರುಗಳು ಯಂತ್ರದ ಮೇಲೆ ಹಣ ಸುರಿದೂ ಸೋಲುವುದು ಇಲ್ಲಿಯೇ.

ಫ್ರಾನ್ಸಿನ ಸೆಯೂಜ್ ಎಂಬಲ್ಲಿ ಎಂಟು ದಶಕಕ್ಕೂ ಹೆಚ್ಚು ನಡೆದ ಸ್ಕೀ ತಾಣ 2018ರಲ್ಲಿ ನಿಂತಿತು. 2023ರ ನವೆಂಬರಿನಲ್ಲಿ ಲಿಫ್ಟಿನ ಕಂಬಗಳನ್ನು ಬಿಚ್ಚತೊಡಗಿದರು. ಇಂಥ ಊರುಗಳಿಗೆ ಬರುತ್ತಿದ್ದವರು ಯಾರು? ಸುತ್ತಲಿನ ಪೇಟೆಗಳ ಸಾಮಾನ್ಯ ಸಂಬಳದವರು, ಶಾಲಾ ಮಕ್ಕಳು. ಅವರಿಗೆ 3,000 ಮೀಟರಿನ ಹೋಟೆಲು ಬದಲಿ ವ್ಯವಸ್ಥೆ ಆಗಲಾರದು. ಹಿಮ ಮೇಲೇರಿದಂತೆಲ್ಲ ಸ್ಕೀ ಕೂಡ ಸಿರಿವಂತರ ಮಹಡಿಗೆ ಏರುತ್ತಿದೆ ಅನ್ನುವುದು ನನ್ನ ಅಭಿಪ್ರಾಯ. ಮೊದಲೂ ಅದೇನು ಬಡವರ ಆಟವಾಗಿರಲಿಲ್ಲ, ಒಪ್ಪುತ್ತೇನೆ. ಆದರೂ ಕೆಳಗಿನ ಇಳಿಜಾರಿನಲ್ಲಿ ಭಾನುವಾರಕ್ಕೊಮ್ಮೆ ಆಡಿ ಕಲಿಯುವ ದಾರಿಯೊಂದಿತ್ತು.

ಇನ್ನು ಮೇಲಿನವರಾದರೂ ನೆಮ್ಮದಿಯಾಗಿದ್ದಾರಾ? ಜರ್ಮಾಟ್‌ನ ಹೆಗ್ಗಳಿಕೆ ಅಂದರೆ ಥಿಯೋಡುಲ್ ಹಿಮನದಿಯ ಮೇಲೆ ವರ್ಷವಿಡೀ ಸ್ಕೀ. 2022ರ ಜುಲೈ ಕೊನೆಯಲ್ಲಿ ಬಿಸಿಲ ಹೊಡೆತಕ್ಕೆ ಆ ಬೇಸಿಗೆ ಸ್ಕೀಯನ್ನೇ ನಿಲ್ಲಿಸಬೇಕಾಯಿತು. ಅದೇ ಹಿಮನದಿಯ ಮೇಲೆ ಜರ್ಮಾಟ್‌ನಿಂದ ಇಟಲಿಯ ಚೆರ್ವಿನಿಯಾಕ್ಕೆ ವಿಶ್ವಕಪ್ ಸ್ಕೀ ಓಟ ಇಟ್ಟುಕೊಂಡರು. 2022ರಲ್ಲಿ ಹಿಮ ಸಾಲದೆ ರದ್ದು. 2023ರಲ್ಲಿ ಹಾದಿ ಸಿದ್ಧಪಡಿಸಲು ಹಿಮನದಿಯನ್ನೇ ಜೆಸಿಬಿಯಂಥ ಯಂತ್ರಗಳಲ್ಲಿ ಅಗೆದ ಚಿತ್ರಗಳು ಹೊರಬಂದು ಗಲಾಟೆಯಾಯಿತು, ಕೊನೆಗೆ ಹಿಮಗಾಳಿ ಬೀಸಿ ಆ ಸಲವೂ ರದ್ದು. ಈ ಎರಡೇ ವರ್ಷಗಳಲ್ಲಿ ಸ್ವಿಸ್ ಹಿಮನದಿಗಳು ಒಟ್ಟು ಗಾತ್ರದ ಶೇ 10ರಷ್ಟನ್ನು ಕಳೆದುಕೊಂಡವು. ಹೋಟೆಲಿನ ಹಿಂಬದಿಯಿಂದ ಗೋರ್ನರ್ ಹಿಮನದಿ ಕಾಣುತ್ತದೆ. ಹಿಂದೆ ಐಸು ಎಲ್ಲಿಯವರೆಗೆ ತುಂಬಿತ್ತು ಎಂಬುದನ್ನು ತಿಳಿಯಲು ಪುಸ್ತಕ ಬೇಡ, ಎದುರಿನ ಬೋಳು ಬಂಡೆಯ ಗೋಡೆಯೇ ತೋರಿಸುತ್ತದೆ.

ಹಿಮ ಹೆಚ್ಚಾದರೂ ಕಷ್ಟವೇ. 2018ರ ಜನವರಿಯಲ್ಲಿ ರಸ್ತೆ, ರೈಲು ಎರಡೂ ಮುಚ್ಚಿಹೋಗಿ ಸುಮಾರು 13,000 ಪ್ರವಾಸಿಗರು ಜರ್ಮಾಟ್‌ನಲ್ಲಿ ಸಿಕ್ಕಿಬಿದ್ದರು. ಕೆಲವರು ಹೆಲಿಕಾಪ್ಟರಿನಲ್ಲಿ ಹೊರಟರು. ಉಳಿದವರು ಕಾದರು.

ಈ ಲೆಕ್ಕದಲ್ಲಿ ಎಣಿಕೆಗೆ ಬಾರದವರು ಕೆಲಸಗಾರರು. ಜರ್ಮಾಟ್‌ನ ಅಡುಗೆಮನೆ, ಕೋಣೆ ಸ್ವಚ್ಛತೆ, ಕಟ್ಟಡ ಕೆಲಸಗಳಲ್ಲಿ ಪೋರ್ಚುಗಲ್‌ನವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಊರಲ್ಲಿ ಬಾಡಿಗೆ ಮನೆ ಕೈಗೆಟುಕದೆ ಹಲವರು ಕಣಿವೆಯ ಕೆಳಗಿನ ಟೇಶ್, ರಾಂಡಾ ಹಳ್ಳಿಗಳಲ್ಲಿ ಇದ್ದುಕೊಂಡು ದಿನಾ ರೈಲಿನಲ್ಲಿ ಬರುತ್ತಾರೆ. ನನಗೆ ಬೆಳಗಿನ ಬ್ರೆಡ್ಡು ತಂದಿಟ್ಟ ಹೆಂಗಸಿನ ಜೊತೆ ಮಾತಾಡುತ್ತ, ಸ್ಕೀ ಮಾಡುತ್ತೀರಾ ಅಂತ ಕೇಳಿದೆ. ಹನ್ನೊಂದು ಚಳಿಗಾಲ ಇಲ್ಲಿ ಕಳೆದಿದ್ದೇನೆ, ಕಾಲಿಗೆ ಒಂದು ಸಲವೂ ಕಟ್ಟಿಲ್ಲ ಅಂದರು. ಹಿಮ ಕಮ್ಮಿಯಾದ ವರ್ಷ ತಮ್ಮನ್ನು ಕೆಲಸಕ್ಕೆ ಕರೆಯುವುದು ತಡ, ಬಿಡುವುದು ಬೇಗ ಅಂತಲೂ ಹೇಳಿ, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು.